ಕಡಲು ಎಡಗೈಗೆ

ದಿಕ್ಕು ತಪ್ಪಾಗಿ ಹೇಳಿದ ಮಕ್ಕಳಿಗೆ ನಾನು ಹೊಡೆಯುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕುವೈತಿನ ಒಂದು ಭಾರತೀಯ ಶಾಲೆಯಲ್ಲಿ ಆರು ವರ್ಷ ಭೂಗೋಳ ಕಲಿಸಿದೆ. ಕಾಗುಣಿತ ತಪ್ಪಿದರೆ ಬಿಡುತ್ತಿದ್ದೆ, ರಾಜಧಾನಿಯ ಹೆಸರು ಮರೆತರೂ ಬಿಡುತ್ತಿದ್ದೆ. ನಕ್ಷೆಯ ಮುಂದೆ ನಿಂತು ಪೂರ್ವವನ್ನು ಪಶ್ಚಿಮ ಅಂದವರ ಗೆಣ್ಣಿಗೆ ಮಾತ್ರ ಮರದ ಸ್ಕೇಲಿನ ಅಂಚಿನಿಂದ ಎರಡು ಏಟು ಖಾಯಂ. ಒಮ್ಮೆ ಒಬ್ಬಳ ಚರ್ಮ ಒಡೆದು ರಕ್ತ ಬಂತು. ಅವಳ ತಂದೆ ಮೈದಾನ್ ಹವಲ್ಲಿಯಿಂದ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೂಗಾಡಿದರು. ನಾನೂ ಬಿಡಲಿಲ್ಲ. ದಿಕ್ಕು ಗೊತ್ತಿಲ್ಲದವರು ಸಾಯುತ್ತಾರೆ ಎಂದು ಅವರಿಗೇ ತಿರುಗಿ ಕೂಗಿದೆ. ಎಸಿ ಬಸ್ಸಿನಲ್ಲಿ ಶಾಲೆಗೆ ಬಂದು ಎಸಿ ಬಸ್ಸಿನಲ್ಲೇ ಮನೆಬಾಗಿಲಿಗೆ ಇಳಿಯುವ ಮಕ್ಕಳು ಎಲ್ಲಿ ಹೋಗಿ ಸಾಯುತ್ತಾರೆ ಎಂದು ಯಾರೂ ನನ್ನನ್ನು ಕೇಳಲಿಲ್ಲ.

ನಾವಿದ್ದದ್ದು ಫಹಾಹೀಲಿನಲ್ಲಿ, ಮೂರನೇ ಮಹಡಿಯ ಫ್ಲಾಟಿನಲ್ಲಿ. ನಮ್ಮ ಇವರು ಶುಐಬಾದ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಮಕ್ಕಳಿರಲಿಲ್ಲ. ಇಬ್ಬರೂ ಉಡುಪಿಯ ಕಡೆಯವರು, ಮನೆಯೊಳಗೆ ತುಳು. ನಮ್ಮೂರಲ್ಲಿ ಕಡಲು ಪಡುವಲ್ಲಿ, ಘಟ್ಟ ಮೂಡಿನಲ್ಲಿ. ಬಸ್ಸು ಹತ್ತಿ ತೆಂಕಕ್ಕೆ, ಮಂಗಳೂರಿಗೆ ಹೊರಟರೆ ಕಡಲು ಬಲಗೈಗೆ. ಇದನ್ನು ನಮಗೆ ಯಾರೂ ಕಲಿಸುವುದಿಲ್ಲ, ಉಣ್ಣುವ ಕೈ ಯಾವುದೆಂದು ತಿಳಿಯುವಷ್ಟೇ ಸಹಜವಾಗಿ ಬಂದುಬಿಡುತ್ತದೆ. ಫಹಾಹೀಲಿನಲ್ಲಿ ಎಲ್ಲ ತಿರುವುಮುರುವು. ಕಡಲು ಮೂಡಿನಲ್ಲಿ, ಹೆದ್ದಾರಿ ಮತ್ತು ಮರಳುಗಾಡು ಪಡುವಲ್ಲಿ. ನಕ್ಷೆಯಲ್ಲಿ ಕಣ್ಣು ಮುಚ್ಚಿ ತೋರಿಸುತ್ತಿದ್ದೆ. ಬೀದಿಗಿಳಿದು ಟ್ಯಾಕ್ಸಿಯವನಿಗೆ ದಾರಿ ಹೇಳುವಾಗ ಮಾತ್ರ ಕೈ ತಾನಾಗಿ ಉಲ್ಟಾ ಏಳುತ್ತಿತ್ತು. ಇವರಿಗೆ ಅದೊಂದು ದೊಡ್ಡ ತಮಾಷೆ.

"ಜಿಯಾಗ್ರಫಿ ಟೀಚರಿಗೆ ಕಡಲು ಎಲ್ಲಿ ಉಂಟು ಅಂತ ಗೊತ್ತಿಲ್ಲ ಮಾರಾಯ್ರೆ. ಇಷ್ಟು ದೊಡ್ಡ ಕಡಲು!" ಎಂದು ಬಂದವರ ಮುಂದೆಲ್ಲ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತರ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಲಿಲ್ಲ. ವರ್ಷಕ್ಕೊಂದು ದೇಶದ ಉಬ್ಬುನಕ್ಷೆಯನ್ನು ನಾನೇ ಮಾಡಿ ಶಾಲೆಯಲ್ಲಿ ಇಡುವುದು ನನ್ನ ಹಠವಾಗಿತ್ತು. ಹಳೇ ಪೇಪರನ್ನು ನೆನೆಸಿ, ಮಿಕ್ಸಿಯಲ್ಲಿ ರುಬ್ಬಿ, ಮೈದಾ ಅಂಟಿನಲ್ಲಿ ಕಲಸಿ ಪ್ಲೈವುಡ್ಡಿನ ಮೇಲೆ ಬೆಟ್ಟ ಕಣಿವೆ ಎಬ್ಬಿಸುವುದು. ಆ ವರ್ಷದ ದೇಶ ಶ್ರೀಲಂಕಾ. ಆಗಸ್ಟ್ ಎರಡರ ಬೆಳಿಗ್ಗೆ ಊಟದ ಮೇಜಿನ ಮೇಲೆ ಅರ್ಧ ದ್ವೀಪ ಒದ್ದೆಯಾಗಿಯೇ ಇತ್ತು, ಹೆದ್ದಾರಿಯಲ್ಲಿ ಇರಾಕಿನ ಟ್ಯಾಂಕುಗಳು ಬಂದವು. ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯ ತುದಿಯಲ್ಲಿ ಒಂದು ಕಾರು ಉರಿಯಿತು. ಒಳಗಿದ್ದವನು ಒಳಗೇ ಇದ್ದ. ನಾಲ್ಕು ದಿನ ಯಾರೂ ಅವನನ್ನು ತೆಗೆಯಲಿಲ್ಲ, ಕಿಟಕಿ ಮುಚ್ಚಿದರೂ ವಾಸನೆ ಬರುತ್ತಿತ್ತು. ನಾನು ಬೇರೇನೂ ತೋಚದೆ ಪೇಪರ್ ರುಬ್ಬುತ್ತಾ ಕೂತೆ.

ನಮ್ಮ ಕಟ್ಟಡದ ಹಿಂದೆ ಒಂದು ದೊಡ್ಡ ಮನೆ. ಮನೆಯವರು ಬೇಸಿಗೆ ಕಳೆಯಲು ಹೊರದೇಶಕ್ಕೆ ಹೋಗಿದ್ದರು. ಹೋಗುವಾಗ ಮನೆಗೆಲಸದ ಹೆಂಗಸನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿದ್ದರು. ಆಗಸ್ಟ್ ಕೊನೆಯ ಒಂದು ಮಧ್ಯಾಹ್ನ ಸೈನಿಕರು ಆ ಮನೆಯ ಬಾಗಿಲು ಒಡೆದರು. ಮೊದಲು ಗಾಜಿನ ಸದ್ದು, ಆಮೇಲೆ ಗಂಡಸರ ನಗು, ಆಮೇಲೆ ಒಂದು ಹೆಣ್ಣಿನ ಕಿರುಚು. ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲನ್ನು ಯಾರೋ ತಲೆಯಿಂದ ಗುದ್ದುತ್ತಿದ್ದರು. ತಲೆಯಿಂದ ಎಂದು ಆಮೇಲೆ ತಿಳಿಯಿತು. ಆ ಮನೆಯ ಕಾಂಪೌಂಡ್ ಗೋಡೆಯ ಮೇಲೆ ನೆಟ್ಟಿದ್ದ ಗಾಜಿನ ಚೂರು ಹಿಡಿದು ಹಾರಿದ್ದರಿಂದ ಅವಳ ಎರಡೂ ಅಂಗೈ ಸೀಳಿಹೋಗಿದ್ದವು. ನಾನು ಬಾಗಿಲು ತೆಗೆಯಲಿಲ್ಲ. ತೆಗೆಯಬೇಡಿ ಎಂದು ಇವರ ಅಂಗಿ ಹಿಡಿದು ಎಳೆದೆ ಕೂಡ. ಇವರು ನನ್ನನ್ನು ತಳ್ಳಿ ತೆಗೆದರು.

ಅವಳು ಶ್ರೀಲಂಕಾದವಳು, ಬದುಳ್ಳದ ಕಡೆಯ ಟೀ ತೋಟದ ತಮಿಳಿನವಳು. ಮದರಾಸಿನಲ್ಲಿ ಒಂದು ವರ್ಷ ಬಿ.ಎಡ್. ಓದಿದ್ದರಿಂದ ನನಗೆ ಹರುಕುಮುರುಕು ತಮಿಳು ಬರುತ್ತಿತ್ತು, ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರವೂ ಕಲಿತಿದ್ದೆ. ಮೂವತ್ತು ದಾಟಿರದ ಹೆಂಗಸು. ಕುವೈತಿನಲ್ಲಿ ಮೂರು ವರ್ಷವಿದ್ದರೂ ಕುವೈತನ್ನು ನೋಡಿರಲಿಲ್ಲ. ಪಾಸ್‌ಪೋರ್ಟು ಕಫೀಲನ, ಅಂದರೆ ಅವಳನ್ನು ಕೆಲಸಕ್ಕೆ ತರಿಸಿಕೊಂಡ ಆ ಮನೆಯ ಯಜಮಾನನ ಬೀರುವಿನಲ್ಲಿ, ಬೀರು ಈಗ ಸೈನಿಕರ ಲಾರಿಯಲ್ಲಿ. ಇವರು ಅವಳ ಕೈಗೆ ಡೆಟಾಲ್ ಹಾಕಿ ಚಿಮುಟದಿಂದ ಗಾಜು ತೆಗೆಯುವಾಗ ಅವಳು ಅಳಲಿಲ್ಲ. ಮೇಜಿನ ಮೇಲಿದ್ದ ನಕ್ಷೆಯ ಹಲಗೆಯನ್ನೇ ನೋಡುತ್ತಿದ್ದಳು.

"ಇದು ನಮ್ಮೂರಾ ಅಕ್ಕ?" ಎಂದಳು. ಹೌದೆಂದೆ. "ನಮ್ಮ ಬೆಟ್ಟ ಹೀಗಿಲ್ಲ."

ನನಗೆ ಸಿಟ್ಟು ಬಂತು. ರಕ್ತ ಸುರಿಯುವ ಹೆಂಗಸಿನ ಮೇಲೂ ಸಿಟ್ಟು ಬರುವ ಸ್ವಭಾವ ನನ್ನದು. ಅಟ್ಲಾಸ್ ತಂದು ತೋರಿಸಿದೆ: ನಡುವೆ ಕಂದು ಬಣ್ಣ, ಸುತ್ತ ಹಳದಿ, ಅಂಚಿಗೆ ಹಸಿರು. ಅದರಂತೆ ನಾನು ಕವುಚಿಟ್ಟ ಬೋಗುಣಿಯ ಹಾಗೆ ನುಣ್ಣಗೆ ಏರುವ ಬೆಟ್ಟ ಮಾಡಿದ್ದೆ. ಅವಳು ಬ್ಯಾಂಡೇಜು ಸುತ್ತಿದ ಕೈ ಆಡಿಸಿ ಹೇಳಿದಳು: ನಮ್ಮ ಬೆಟ್ಟ ಏರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುತ್ತದೆ. ಕೆಳಗೆ ಬಯಲು, ಥಟ್ಟನೆ ಗೋಡೆಯಂತೆ ಎದ್ದು ಒಂದು ಮಟ್ಟ, ಅಲ್ಲಿಂದ ಇನ್ನೊಂದು ಗೋಡೆ, ಮೇಲೆ ಚಳಿ ಗಾಳಿಯ ಹುಲ್ಲುಗಾವಲು. ಅದರ ಅಂಚಿಗೆ ನಿಂತರೆ ಕಾಲ ಕೆಳಗೆ ಮೋಡ, ಮೋಡದ ಕೆಳಗೆ ಏನೂ ಇಲ್ಲ. ಪಡುವಣ ಇಳಿಜಾರಿಗೆ ನಮ್ಮ ಮುಂಗಾರೇ ಮಳೆ ಸುರಿಸುತ್ತದೆ, ಅದೇ ಗಾಳಿ ಬೆಟ್ಟ ದಾಟಿ ಅವಳ ಕಡೆ ಇಳಿಯುವಾಗ ಒಣಗಿ ಬಿಸಿಯಾಗಿರುತ್ತದೆ. ಅವಳ ಕಡೆಗೆ ಮಳೆ ಬರುವುದು ವರ್ಷದ ಕೊನೆಗೆ, ಮೂಡಣ ಕಡಲಿನಿಂದ. ಇದೆಲ್ಲ ನನ್ನ ಪುಸ್ತಕದಲ್ಲೂ ಇತ್ತು. ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಬೆಟ್ಟವನ್ನು ಒಡೆದು ಮತ್ತೆ ಕಟ್ಟಿದೆವು. ಅವಳು ಹೇಳಿದಳು, ನಾನು ಮೆತ್ತಿದೆ.

ಮಹಾವೇಲಿ ನದಿ ಬೆಟ್ಟವನ್ನು ಬಳಸಿ ಮೂಡಿಗೆ ಹರಿಯುವುದನ್ನು ಕೊರೆದಾದ ಮೇಲೆ ಒಂದು ದಿನ ಅವಳು ಮೂಡಣ ಇಳಿಜಾರಿನಲ್ಲಿ ಹೆಬ್ಬೆರಳು ಒತ್ತಿ ಒಂದು ಗುಳಿ ಮಾಡಿದಳು. ಅಲ್ಲಿ ಅವಳ ಲೈನ್ ಮನೆ, ತೋಟದ ಕೂಲಿಯವರ ಸಾಲುಮನೆಗಳಲ್ಲೊಂದು. ಅಲ್ಲೇ ಅವಳ ಗಂಡ ಸತ್ತದ್ದು.

"ಮಳೆ ನಿಂತಿತ್ತು ಅಕ್ಕ. ಮೊದಲು ಹಳ್ಳ ನಿಂತುಹೋಯಿತು. ತುಂಬಿ ಹರಿಯುತ್ತಿದ್ದ ಹಳ್ಳ, ಸದ್ದೇ ಇಲ್ಲ. ಮೇಲೆ ಮಣ್ಣು ಕುಸಿದು ನೀರು ಕಟ್ಟಿಕೊಂಡಿತ್ತು, ನಮಗೆ ತಿಳಿಯಲಿಲ್ಲ. ನೋಡಿ ಬರುತ್ತೇನೆ ಅಂತ ಅವರು ಹೋದರು. ಆಮೇಲೆ ಗುಡ್ಡ ಜಾರಿ ಮರಗಳೆಲ್ಲ ನಿಂತ ಹಾಗೇ ನಡೆದು ಬಂದವು. ಹತ್ತು ಮನೆ ಇತ್ತು, ಏಳು ಹೋಯಿತು. ಅವರ ಕೈ ಸಿಕ್ಕಿತು. ಉಂಗುರ ನೋಡಿ ನಾನೇ ಗುರುತು ಹೇಳಿದೆ."

ಉಳಿದ ಮೂರು ಮನೆಗಳಲ್ಲಿ ಒಂದರಲ್ಲಿ ಈಗ ಅವಳ ಹತ್ತು ವರ್ಷದ ಮಗಳೂ ಕಣ್ಣು ಮಂಜಾದ ತಾಯಿಯೂ ಇದ್ದರು. ಗುಡ್ಡದ ನೆತ್ತಿಯ ಮೇಲೆ ಬಂಡೆಯ ಗಟ್ಟಿ ಜಾಗದಲ್ಲಿ ಒಂದು ಮನೆ ಕಟ್ಟಲೆಂದೇ ಅವಳು ಕುವೈತಿಗೆ ಬಂದದ್ದು. ಗೋಡೆ ಎದ್ದಿತ್ತು, ಮಾಡಿಗೆ ತಗಡು ಹಾಕುವುದು ಬಾಕಿ. ಅಲ್ಲಿಗೆ ರಸ್ತೆಯಿಲ್ಲ, ಮುನ್ನೂರು ಚಿಲ್ಲರೆ ಕಲ್ಲಿನ ಮೆಟ್ಟಿಲು. ಮಳೆ ಶುರುವಾಗುವ ಮುಂಚೆ ಅವಳು ಹೋಗಿ ಆ ಇಬ್ಬರನ್ನೂ ಮೇಲೆ ಹತ್ತಿಸಬೇಕಿತ್ತು. ದಿನಕ್ಕೆ ಹತ್ತು ಸಲ ನನ್ನನ್ನು ಕೇಳುತ್ತಿದ್ದಳು, "ನವೆಂಬರಿಗೆ ಎಷ್ಟು ದಿನ ಇದೆ ಅಕ್ಕ?"

ಹಾಗೆಂದು ಸದಾ ಅಳುಮುಖದವಳಲ್ಲ. ಪಡುವಲ್ಲಿ ಅಹ್ಮದಿಯ ಕಡೆ ಇರುವ ದಿಬ್ಬವನ್ನು ಕಿಟಕಿಯಿಂದ ತೋರಿಸಿ ಇವರು "ಇಲ್ಲಿಯೂ ಬೆಟ್ಟ ಉಂಟು ನೋಡು" ಅಂದಾಗ ಬಾಯಿಗೆ ಸೆರಗು ಮುಚ್ಚಿ ನಕ್ಕಳು. ಆದರೆ ಆ ಏರನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿದ್ದಳು. ನಮ್ಮ ಅಡುಗೆಮನೆಯ ನೆಲ ಯಾವ ಮೂಲೆಗೆ ಓರೆ ಎಂದು ಬಂದ ಎರಡನೇ ದಿನವೇ ಹೇಳಿದಳು. ನೀರು ಸುರಿದು ನೋಡಿದರೆ ನಿಜ. ಅವರೂರಲ್ಲಿ ಯಾರೂ ದಾರಿ ಕೇಳುವುದಿಲ್ಲವಂತೆ. ಏರಿದರೆ ರಸ್ತೆ ಮತ್ತು ದೇವರ ಕೋವಿಲು, ಇಳಿದರೆ ಹೊಳೆ, ಹೊಳೆ ಹಿಡಿದರೆ ಕಡಲು. ಕಾಲಿಗೆ ಗೊತ್ತಿರುತ್ತದೆ ಅಂದಳು. ನಾನು ಅಕ್ಷಾಂಶ ರೇಖಾಂಶದ ಬಗ್ಗೆ ಒಂದು ಪಾಠ ಕೊಟ್ಟೆ. ಅವಳು ಕೈಕಟ್ಟಿ ಕೂತು ಕೇಳಿದಳು. ನನ್ನ ಪುಸ್ತಕ, ಸ್ಕೇಲು, ಬಣ್ಣದ ಪೆನ್ಸಿಲು ಎಲ್ಲದರ ಮೇಲೂ ಅವಳಿಗೆ ಬಹಳ ಗೌರವ. ಟೀಚರ್ ಅಂದರೆ ಅವಳ ಪಾಲಿಗೆ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ನನಗೆ ಅದು ಇಷ್ಟವಾಗುತ್ತಿತ್ತು. ಆರು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ನನ್ನನ್ನು ಹಾಗೆ ನೋಡಿರಲಿಲ್ಲ.

ಸೆಪ್ಟೆಂಬರ್ ಮಧ್ಯದಲ್ಲಿ ಮೂವರು ಸೈನಿಕರು ನಮ್ಮ ಫ್ಲಾಟಿಗೆ ಬಂದರು. ಹಗಲು ಹನ್ನೊಂದು ಗಂಟೆ. ಒಬ್ಬ ಟಿವಿಯನ್ನು ವಯರಿನ ಸಮೇತ ಕಿತ್ತುಕೊಂಡ. ಇನ್ನೊಬ್ಬ ಮಂಚದ ಹಾಸಿಗೆ ಸೀಳಿದ. ಮೂರನೆಯವನು ನಕ್ಷೆಯ ಮುಂದೆ ನಿಂತ.

"ಶಿನೂ ಹಾದಾ?" ಎಂದ. ಇದೇನು ಎಂದು.

ಶ್ರೀಲಂಕಾ, ಶಾಲೆಗೆ, ಮದ್ರಸಾ, ಎಂದು ನಾನು ಗೊತ್ತಿದ್ದ ಅರಬ್ಬಿಯಲ್ಲೆಲ್ಲ ಹೇಳಿದೆ. ಅವನಿಗೆ ಬೆಟ್ಟದ ಹೊಟ್ಟೆಯೊಳಗೆ ಏನೋ ಬಚ್ಚಿಟ್ಟಿದ್ದೇವೆ ಎಂಬ ಗುಮಾನಿ. ಬಂದೂಕಿನ ಹಿಡಿಯಿಂದ ಕುಟ್ಟಿದ. ಒಂದು, ಎರಡು, ಮೂರು ಏಟಿಗೆ ಮೇಲಿನ ಮಟ್ಟ ಕುಸಿಯಿತು, ಮೂಡಣ ಇಳಿಜಾರು ಚಕ್ಕೆ ಚಕ್ಕೆಯಾಗಿ ನೆಲಕ್ಕೆ ಬಿತ್ತು. ಒಳಗೆ ಪೇಪರಲ್ಲದೆ ಏನೂ ಸಿಗದ ಸಿಟ್ಟಿಗೆ ಅವನು ಇವರ ಕೆನ್ನೆಗೆ ಹೊಡೆದ. ಇವರ ಕನ್ನಡಕ ಸಿಡಿದು ಗೋಡೆಗೆ ಬಡಿಯಿತು. ಅಂಗೈ ಸೀಳಿದಾಗ ಅಳದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಜೋರಾಗಿ ಅತ್ತುಬಿಟ್ಟಳು. ಹೆಬ್ಬೆರಳ ಗುರುತಿದ್ದ ಚಕ್ಕೆ ಅವನ ಬೂಟಿನ ಕೆಳಗಿತ್ತು.

ಅಲ್ಲಿಯವರೆಗೆ ಅವನು ಅವಳನ್ನು ಗಮನಿಸಿರಲಿಲ್ಲ. ಈಗ ಗಮನಿಸಿದ. ನನ್ನ ತಂಗಿ ಎಂದೆ. ಗಲ್ಲ ಹಿಡಿದೆತ್ತಿ ನನ್ನ ಮುಖವನ್ನೂ ಅವಳ ಮುಖವನ್ನೂ ನೋಡಿ ನಕ್ಕ. "ಬಾಚಿರ್" ಅಂದ. ನಾಳೆ ಎಂದು.

ಅವತ್ತೇ ಇವರು ಹೊರಗೆ ಹೋಗಿ ವಿಚಾರಿಸಿಕೊಂಡು ಬಂದರು. ಲಂಕೆಯವರನ್ನು ಬಾಗ್ದಾದಿನ ಮೂಲಕ ಜೋರ್ಡಾನಿಗೆ ಒಯ್ಯುವ ಬಸ್ಸುಗಳು ಮರುದಿನ ಬೆಳಿಗ್ಗೆ ಏಳಕ್ಕೆ, ಶುಐಬಾದ ಕಡೆ ಎರಡು ಕಿಲೋಮೀಟರ್ ಆಚೆ, ಕಡಲ ಬದಿಯ ಒಂದು ಮೈದಾನದಿಂದ ಹೊರಡುತ್ತವೆ. ಪಾಸ್‌ಪೋರ್ಟು ಇಲ್ಲದವರನ್ನೂ ಹೆಸರು ಬರೆದುಕೊಂಡು ಹತ್ತಿಸುತ್ತಾರೆ. ಇವರು ಅವಳನ್ನು ಕೂರಿಸಿ ಎರಡೆರಡು ಸಲ ಹೇಳಿದರು, ನಾನು ತಮಿಳಿನಲ್ಲಿ ಹೇಳಿದೆ: ದಾರಿಯಲ್ಲಿ ಏನಾದರೂ ಆದರೆ ನಮ್ಮನ್ನು ಕಾಯಬೇಡ, ಕಡಲಿಗೆ ಓಡು. ಕಡಲು ಸಿಕ್ಕಿದರೆ ಬಸ್ಸು ಸಿಕ್ಕಿದ ಹಾಗೆ.

ಬೆಳಿಗ್ಗೆ ಧೂಳೆದ್ದಿತ್ತು. ಆಕಾಶವೆಲ್ಲ ಹಸಿ ಸಿಮೆಂಟಿನ ಬಣ್ಣ, ಸೂರ್ಯ ಎಲ್ಲಿದ್ದಾನೆಂದು ತಿಳಿಯುವಂತಿರಲಿಲ್ಲ. ಇವರು ಕಾರ್ಖಾನೆಗೆ ಹೋಗುವ ಒಳರಸ್ತೆ ಹಿಡಿದರು. ಕಾರು ತೆಂಕಕ್ಕೆ ಹೋಗುತ್ತಿತ್ತು, ಎರಡೂ ಕಡೆ ನಾಲ್ಕು ಮಹಡಿಯ ಕಟ್ಟಡಗಳು. ಒಂದು ತಿರುವಿನಲ್ಲಿ ನಾಲ್ವರು ಸೈನಿಕರು ಅಡ್ಡ ನಿಂತಿದ್ದರು. ಅವರಿಗೆ ಬೇಕಾದದ್ದು ಕಾರು. ಇವರು ಕೀ ಕೊಟ್ಟುಬಿಟ್ಟರು. ಆದರೂ ಇಳಿಯುವಾಗ ಒಬ್ಬ ಬಂದೂಕಿನ ಹಿಡಿಯಿಂದ ಇವರ ಹೆಗಲಿಗೆ ಹೊಡೆದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಇನ್ನೊಬ್ಬ ಹಿಂದಿನ ಬಾಗಿಲು ತೆಗೆದು ಅವಳ ಜಡೆ ಹಿಡಿದ. ನಾನು ಅವನ ಮಣಿಕಟ್ಟನ್ನು ಕಚ್ಚಿದೆ. ಬಾಯಿಗೆ ರಕ್ತದ ರುಚಿ ಬರುವವರೆಗೆ ಕಚ್ಚಿದೆ. ಅವನು ಜಡೆ ಬಿಟ್ಟು ನನ್ನ ಮುಖಕ್ಕೆ ಗುದ್ದಿದ, ಎರಡು ಹಲ್ಲು ಹೋಯಿತು. ಅಷ್ಟರಲ್ಲಿ ಅವಳು ಕಾರಿನಿಂದ ಹೊರಗೆ ಬಿದ್ದು ಎದ್ದು ನಿಂತಿದ್ದಳು.

"ಓಡು, ಕಡಲಿಗೆ ಓಡು!" ಎಂದು ಕೂಗಿದೆ.

"ಎತ್ತ ಅಕ್ಕ?"

ತೆಂಕಕ್ಕೆ ಮುಖ. ಕಡಲು ಯಾವ ಕೈಗೆ? ನನಗೆ ಯೋಚನೆಯೇ ಬರಲಿಲ್ಲ. ನನ್ನ ಬಲಗೈ ತಾನಾಗಿ ಎದ್ದಿತು.

ಅವಳು ಒಂದು ಕ್ಷಣ ಎಡಕ್ಕೆ ತಿರುಗಿ ನೋಡಿದಳು. ನನ್ನ ಕೈಯನ್ನು ನೋಡಿದಳು. "ಅಕ್ಕ, ಅದು" ಎಂದು ಏನೋ ಹೇಳಲು ಹೊರಟವಳು ನಿಲ್ಲಿಸಿದಳು. ಆಮೇಲೆ ನಾನು ತೋರಿಸಿದ ಕಡೆಗೇ ಓಡಿದಳು. ಧೂಳಿನಲ್ಲಿ ಅವಳ ಬೆನ್ನು ಮರೆಯಾಗುತ್ತಿದ್ದಂತೆ ನೆಲದ ಮೇಲೆ ಬಿದ್ದಿದ್ದ ಇವರು ಕೂಗಿದರು, "ಎಂತ ಮಾಡಿದೆ ನೀನು! ಅದು ಹೈವೇ, ಹೈವೇ!"

ನಾನು ಅವಳ ಹೆಸರು ಹಿಡಿದು ಕೂಗಿದೆ. ಬಾಯಿ ತುಂಬ ರಕ್ತ, ಸ್ವರ ಹೊರಡಲಿಲ್ಲ. ಹೆದ್ದಾರಿಯ ಪಕ್ಕ ಸೈನ್ಯದ ಕಾವಲು ಇತ್ತು. ಧೂಳಿನೊಳಗಿನಿಂದ ಓಡಿಬರುವ ಯಾರನ್ನಾದರೂ ಅವರು ಹೊಡೆಯುತ್ತಿದ್ದರು. ಮೊದಲು ಒಂದು ಗುಂಡು, ಆಮೇಲೆ ಮೂರು ಒಟ್ಟಿಗೆ.

ಕಾರು ಸಿಕ್ಕಿದ ಸೈನಿಕರು ಹೊರಟುಹೋದರು. ನಾವಿಬ್ಬರು ಅವಳ ಹತ್ತಿರ ಹೋದಾಗ ಅವಳು ರಸ್ತೆಯಂಚಿನ ಮರಳಿನಲ್ಲಿ ಕೂತು ಎಡ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹಿಡಿಯಲು ಅಲ್ಲಿ ಮೊಣಕಾಲು ಅಂತ ಹೆಚ್ಚೇನೂ ಉಳಿದಿರಲಿಲ್ಲ. ಒಂದು ಮೀನಿನ ಲಾರಿಯ ಡ್ರೈವರ್, ಬಂಗಾಳಿ ಭಾಯಿ, ದೇವರಂತೆ ಬಂದು ನಮ್ಮನ್ನು ಆಸ್ಪತ್ರೆಗೆ ಒಯ್ದ. ಅಲ್ಲಿ ಮತ್ತು ಬರಿಸುವ ಔಷಧಿ ಮುಗಿಯುತ್ತಾ ಬಂದಿತ್ತು. ತೊಡೆಯ ಅರ್ಧಕ್ಕೆ ಕತ್ತರಿಸುವಾಗ ನಾಲ್ವರು ಅವಳನ್ನು ಒತ್ತಿ ಹಿಡಿಯಬೇಕಾಯಿತು; ಅವರಲ್ಲಿ ನಾನೊಬ್ಬಳು. ಮಗಳ ಹೆಸರು ಕೂಗುತ್ತಿದ್ದಳು. ಹೊರಗೆ ಬಂದು ಕಾರಿಡಾರಿನ ಗೋಡೆಗೆ ನನ್ನ ಬಲಗೈಯ ಗೆಣ್ಣುಗಳನ್ನು ಜಜ್ಜಿದೆ, ಚರ್ಮ ಹೋಗುವವರೆಗೆ. ಅದರಿಂದ ಏನೂ ಆಗಲಿಲ್ಲ. ಇವರು ನನ್ನನ್ನು ಬೈಯಲಿಲ್ಲ. ಆದರೆ ಕಡಲಿನ ಆ ಹಳೇ ತಮಾಷೆಯನ್ನು ಇವತ್ತಿನವರೆಗೆ ಇನ್ನೊಮ್ಮೆ ಆಡಿಲ್ಲ.

ಅಕ್ಟೋಬರಿನ ಮೊದಲ ವಾರ ಅವಳನ್ನು ನನ್ನ ತಂಗಿ ಎಂದೇ ಹೇಳಿ, ಭಾರತೀಯರ ಬಸ್ಸಿನ ಕೊನೆಯ ಸೀಟಿನಲ್ಲಿ ಮಲಗಿಸಿಕೊಂಡು ಹೊರಟೆವು. ಬಸ್ರಾ, ಬಾಗ್ದಾದ್, ಆಮೇಲೆ ಜೋರ್ಡಾನಿನ ಗಡಿಯ ಡೇರೆಗಳು. ಅಲ್ಲಿ ನೀರಿನ ಲಾರಿ ಬಂದರೆ ಜನ ಒಬ್ಬರನ್ನೊಬ್ಬರು ತುಳಿಯುತ್ತಿದ್ದರು. ಒಂದು ಬೆಳಿಗ್ಗೆ ಅವಳನ್ನು ಅವಳ ದೇಶದವರ ಡೇರೆಗೆ ಬಿಡಲು ಕೈಗಾಡಿಯಲ್ಲಿ ಕೂರಿಸಿ ತಳ್ಳುತ್ತಿದ್ದಾಗ ನಾನು ತಡೆಯಲಾರದೆ ಹೇಳಿಬಿಟ್ಟೆ.

"ನಾನು ತಪ್ಪು ದಿಕ್ಕು ತೋರಿಸಿದೆ. ಕಡಲು ಎಡಕ್ಕಿತ್ತು."

"ಗೊತ್ತಿತ್ತು ಅಕ್ಕ," ಎಂದಳು. "ನೆಲ ಎಡಕ್ಕೆ ಇಳಿಯುತ್ತಿತ್ತು. ಕಾಲಿಗೆ ಗೊತ್ತಾಯಿತು."

"ಮತ್ತೆ ಯಾಕೆ ಹೋದೆ?"

"ನೀವು ಟೀಚರ್ ಅಲ್ವಾ?"

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಮ್ಮೂರಿನ ವಿಳಾಸವನ್ನು ಅವಳ ಬ್ಯಾಂಡೇಜಿನ ಬಟ್ಟೆಯ ತುದಿಯಲ್ಲಿ ಬರೆದು ಕೊಟ್ಟು ಬಂದೆ.

ತೊಂಬತ್ತೊಂದರ ಜನವರಿಯಲ್ಲಿ ಕುವೈತಿನ ಮೇಲೆ ಬಾಂಬು ಬೀಳುವ ಸುದ್ದಿ ರೇಡಿಯೋದಲ್ಲಿ ಬರುತ್ತಿತ್ತು. ಆಗ ಊರಿನ ನಮ್ಮ ಮನೆಗೆ ಒಂದು ಕಾಗದ ಬಂತು. ಅವಳ ಮಗಳು ಬರೆದದ್ದು, ದುಂಡನೆಯ ತಮಿಳು ಅಕ್ಷರ. ಒಂದೊಂದೇ ಅಕ್ಷರ ಕೂಡಿಸಿ ಇವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಮ್ಮ ಬಂದಳು. ಮೇಲಿನ ಮನೆಗೆ ತಗಡು ಹಾಕಿಸಿದ್ದೇವೆ, ಮನೆ ಚೆನ್ನಾಗಿದೆ. ಆದರೆ ಅಮ್ಮನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಹೊತ್ತು ಹತ್ತಿಸಿದರೆ ಕೆಳಗಿನ ಕೆಲಸಕ್ಕೆ ಇಳಿಯಲು ಆಗುವುದಿಲ್ಲ. ಆದ್ದರಿಂದ ನಾವು ಹಳೇ ಲೈನ್ ಮನೆಯಲ್ಲೇ ಇದ್ದೇವೆ. ಈ ಸಲ ಮಳೆ ಜಾಸ್ತಿ. ಮಳೆ ಬಂದ ದಿನ ನಾನು ಶಾಲೆಗೆ ಹೋಗುವುದಿಲ್ಲ. ಹಳ್ಳ ಹರಿಯುತ್ತಿದೆಯೋ ಇಲ್ಲವೋ ಎಂದು ನೋಡುತ್ತಾ ಕೂರುತ್ತೇನೆ. ನಿಂತುಹೋದರೆ ನಾನು ಬೇಗ ಹೇಳಬೇಕು. ಅಮ್ಮನಿಗೆ ಓಡಲು ಆಗುವುದಿಲ್ಲವಲ್ಲ.